1881ರ ಮೋರ್ಗನ್ ಡಾಲರ್‌ಗೆ ‘ಪ್ರೂಫ್’ ಅಂತ ಚೀಟಿ ಹಚ್ಚಿದ್ದಾರೆ, ನಂಬಬಹುದಾ?

ಆಸ್ಟಿನ್_ಅಡಿಗ
ಎಲ್ಲರಿಗೂ ನಮಸ್ಕಾರ. ಬೆಳ್ಳಿ ಡಾಲರ್ ವಿಷಯದಲ್ಲಿ ನಾನಿನ್ನೂ ಹೊಸಬ. ಸದ್ಯಕ್ಕೆ ನನ್ನ ಹತ್ತಿರ ಇರುವುದು ಒಂದಷ್ಟು ಪೀಸ್ ಡಾಲರ್, ಅಷ್ಟೇ. ನಮ್ಮೂರ ಹತ್ತಿರದ ಹಳೇ ಸಾಮಾನಿನ ಅಂಗಡಿಯಲ್ಲಿ 1881ರ ಮೋರ್ಗನ್ ಡಾಲರ್ (ಅಮೆರಿಕದ ಹಳೇ ಬೆಳ್ಳಿ ನಾಣ್ಯ) ಒಂದು ಕಣ್ಣಿಗೆ ಬಿತ್ತು. ಖಾಲಿ ಜಾಗವೆಲ್ಲ ಕನ್ನಡಿ, ನಾಣ್ಯದ ಮೇಲಿನ ಹೆಂಗಸು ಲಿಬರ್ಟಿಯ ಮುಖ ಮಾತ್ರ ಬೆಳ್ಳಗೆ ಮಂಜು ಕವಿದ ಹಾಗೆ. ಸ್ಲ್ಯಾಬ್ (ಗ್ರೇಡಿಂಗ್ ಕಂಪನಿ ನಾಣ್ಯ ಪರೀಕ್ಷಿಸಿ, ದರ್ಜೆ ಬರೆದು ಮುಚ್ಚಿ ಕೊಡುವ ಪ್ಲಾಸ್ಟಿಕ್ ಡಬ್ಬಿ) ಇಲ್ಲ, ಕಾಗದದ ಹೋಲ್ಡರ್ ಮೇಲೆ ಪೆನ್ನಿನಲ್ಲಿ ‘ಪ್ರೂಫ್’ ಅಂತ ಬರೆದಿದ್ದಾರೆ. 900 ಡಾಲರ್ ಹೇಳುತ್ತಿದ್ದಾರೆ. ಸಂಗ್ರಾಹಕರಿಗೆ ಅಂತಲೇ ವಿಶೇಷವಾಗಿ ಒತ್ತುವ ಪ್ರೂಫ್ ನಾಣ್ಯವನ್ನೂ ಮಾಮೂಲಿ ನಾಣ್ಯವನ್ನೂ ಕಣ್ಣಲ್ಲೇ ನೋಡಿ ಬೇರೆ ಮಾಡುವುದು ಹೇಗೆ? ಇನ್ನೂ ತಗೊಂಡಿಲ್ಲ. ಶನಿವಾರದವರೆಗೆ ತೆಗೆದಿಡುತ್ತೇನೆ ಅಂದಿದ್ದಾರೆ.

ಹಳೇದುಡ್ಡು
ಹಿಂಬದಿ ನೋಡಿದಿರಾ? ಹದ್ದಿನ ಕೆಳಗೆ ಎಲೆಗಳ ಹಾರ ಇರುತ್ತದೆ. ಅದರ ಗಂಟಿನ ಕೆಳಗೆ ಏನಾದರೂ ಅಕ್ಷರ ಇದೆಯಾ?

ಬೆಳ್ಳಿಹುಚ್ಚ
900ಕ್ಕೆ ಮೋರ್ಗನ್ ಪ್ರೂಫಾ? ಹಾಗಾದರೆ ನನಗೂ ನಾಲ್ಕು ತೆಗೆದಿಡಲು ಹೇಳಿ 😄

ಆಸ್ಟಿನ್_ಅಡಿಗ
ಫೋನಿನಲ್ಲಿ ತೆಗೆದ ಫೋಟೋ ದೊಡ್ಡದು ಮಾಡಿ ನೋಡಿದೆ. ಪುಟ್ಟದಾಗಿ ‘ಎಸ್’ ಇದೆ.

ಹಳೇದುಡ್ಡು
ಹಾಗಾದರೆ ಮುಕ್ಕಾಲು ಪಾಲು ಉತ್ತರ ಸಿಕ್ಕಿತು. ‘ಎಸ್’ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಗುರುತು. ಆಗ ಮೋರ್ಗನ್ ಪ್ರೂಫ್‌ಗಳನ್ನು ಮಾಡುತ್ತಿದ್ದದ್ದು ಫಿಲಡೆಲ್ಫಿಯಾದಲ್ಲಿ. ಅಲ್ಲಿನ ನಾಣ್ಯಕ್ಕೆ ಗುರುತಿನ ಅಕ್ಷರವೇ ಇಲ್ಲ, ಗಂಟಿನ ಕೆಳಗೆ ಖಾಲಿ. 1881ರಲ್ಲಿ ಫಿಲಡೆಲ್ಫಿಯಾ ಮಾಡಿದ ಪ್ರೂಫ್ ಬರೀ 984. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಒತ್ತಿದ ಮಾಮೂಲಿ ಡಾಲರ್ 1 ಕೋಟಿ 27 ಲಕ್ಷದ ಮೇಲೆ. ನೀವು ನೋಡಿರುವುದು ಈ ಎರಡನೇ ರಾಶಿಯದು.

ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಪ್ರೂಫ್ ಅನ್ನುವುದು ದರ್ಜೆ ಅಲ್ಲ, ತಯಾರಿಸುವ ವಿಧಾನ. ಇನ್ನೂ ಒತ್ತದ ಖಾಲಿ ಬಿಲ್ಲೆಗೆ ಮೊದಲೇ ಪಾಲಿಶ್ ಮಾಡುತ್ತಾರೆ, ಅಚ್ಚಿಗೂ ಪಾಲಿಶ್ ಮಾಡುತ್ತಾರೆ, ಆಮೇಲೆ ನಿಧಾನವಾಗಿ ಜಾಸ್ತಿ ಒತ್ತಡದಲ್ಲಿ ಒತ್ತುತ್ತಾರೆ. ಈಗಿನ ಪ್ರೂಫ್‌ಗಳಿಗೆ ಒಂದಕ್ಕಿಂತ ಹೆಚ್ಚು ಏಟು ಬೀಳುತ್ತದೆ. ಹೀಗೆ ಹುಟ್ಟಿದ ನಾಣ್ಯ ಜೇಬಿನಲ್ಲಿ ಸವೆದು ಹೋದರೂ ಪ್ರೂಫೇ. ಮಾಮೂಲಿ ನಾಣ್ಯ ಎಷ್ಟೇ ಹೊಳೆದರೂ ಪ್ರೂಫ್ ಆಗುವುದಿಲ್ಲ.

ಕೊಂಕು_ಮಾಸ್ತರ್
ಸ್ವಲ್ಪ ತಡೆಯಿರಿ. ‘ಎಸ್’ ಇದ್ದರೆ ಪ್ರೂಫ್ ಅಲ್ಲವೇ ಅಲ್ಲ ಅಂತ ಓದುವವರು ತಿಳಿದುಕೊಂಡಾರು. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಮೋರ್ಗನ್ ಪ್ರೂಫ್ ಮಾಡಿದ್ದಾರೆ, ಅದರ ಮೇಲೆ ‘ಎಸ್’ ಇದೆ. ಹಳೆಯದರಲ್ಲೂ ಶಾಖಾ ಟಂಕಸಾಲೆಯ ಪ್ರೂಫ್‌ಗಳಿವೆ. 1879 ಮತ್ತು 1883ರ ನ್ಯೂ ಆರ್ಲಿಯನ್ಸ್, 1893ರ ಕಾರ್ಸನ್ ಸಿಟಿ. ತಲಾ 12 ಮಾಡಿದರು ಅನ್ನುವುದು ರೂಢಿಯ ಲೆಕ್ಕ.

ಹಳೇದುಡ್ಡು
ಮಾಸ್ತರ್ರೇ, ಎಲ್ಲಾ ಸರಿ. ಆದರೆ 12ರಲ್ಲಿ ಒಂದು ನಾಣ್ಯ ಕಾಗದದ ಹೋಲ್ಡರ್‌ನಲ್ಲಿ ಕೂತು ಅಡಿಗರಿಗಾಗಿ ಶನಿವಾರದವರೆಗೆ ಕಾಯುತ್ತದಾ?

ಕೊಂಕು_ಮಾಸ್ತರ್
ಕಾಯುವುದಿಲ್ಲ. ನಿಯಮ ಹೇಳುವಾಗ ವರ್ಷವನ್ನೂ ಸೇರಿಸಿ ಹೇಳಿ, ಇಷ್ಟೇ ನನ್ನ ಬೇಡಿಕೆ.

ನ್ಯೂಜೆರ್ಸಿ_ನಾಗವೇಣಿ
ಅಡಿಗರೇ, ಅಂಗಡಿಯವರು ಬೇಕಂತಲೇ ಮೋಸ ಮಾಡುತ್ತಿದ್ದಾರೆ ಅಂತ ಈಗಲೇ ಅಂದುಕೊಳ್ಳಬೇಡಿ. ಮೋರ್ಗನ್‌ನಲ್ಲಿ ಈ ಗೊಂದಲ ತುಂಬಾ ಹಳೆಯದು. ಅಚ್ಚು ಹೊಸದಾಗಿದ್ದಾಗ ಅಥವಾ ಪಾಲಿಶ್ ಮಾಡಿ ಮತ್ತೆ ಯಂತ್ರಕ್ಕೆ ಹಾಕಿದಾಗ ಮೊದಮೊದಲು ಬರುವ ನಾಣ್ಯಗಳಲ್ಲಿ ಖಾಲಿ ಜಾಗ ಕನ್ನಡಿಯಾಗಿಯೇ ಇರುತ್ತದೆ. ಅಚ್ಚಿನಲ್ಲಿ ತಗ್ಗಾಗಿರುವ ಮುಖ, ಹದ್ದಿನ ಭಾಗಗಳಿಗೆ ಆ ಪಾಲಿಶ್ ತಾಗುವುದಿಲ್ಲ. ಹಾಗಾಗಿ ನಾಣ್ಯದಲ್ಲಿ ಅವು ಬೆಳ್ಳಗೆ ಉಳಿಯುತ್ತವೆ. ಒತ್ತುತ್ತಾ ಹೋದಂತೆ ಅಚ್ಚು ಸವೆದು ಕನ್ನಡಿ ಹೋಗಿ, ಮಾಮೂಲಿ ಬೆಳ್ಳಿಯ ಮಿನುಗು ಬರುತ್ತದೆ. ಆ ಮೊದಲ ನಾಣ್ಯಗಳಿಗೆ ‘ಪ್ರೂಫ್‌ಲೈಕ್’ ಅನ್ನುತ್ತಾರೆ, ಚೀಟಿಯಲ್ಲಿ ‘ಪಿಎಲ್’. ಕನ್ನಡಿ ಇನ್ನೂ ಆಳವಾಗಿದ್ದರೆ ‘ಡಿಎಂಪಿಎಲ್’ (ಡೀಪ್ ಮಿರರ್ ಪ್ರೂಫ್‌ಲೈಕ್). 1880, 1881ರ ಸ್ಯಾನ್ ಫ್ರಾನ್ಸಿಸ್ಕೋ ಡಾಲರ್‌ಗಳಲ್ಲಿ ಪಿಎಲ್ ಧಾರಾಳವಾಗಿ ಸಿಗುತ್ತದೆ.

ಮನೆಯಲ್ಲೇ ಮಾಡುವ ಪರೀಕ್ಷೆ ಹೇಳುತ್ತೇನೆ. ನಾಣ್ಯವನ್ನು ಮೇಜಿನ ಮೇಲೆ ಮಲಗಿಸಿ. ಪಕ್ಕದಲ್ಲಿ ಅಚ್ಚಾದ ಕಾಗದವನ್ನು ನೇರ ನಿಲ್ಲಿಸಿ. ಅದರ ಅಕ್ಷರ ನಾಣ್ಯದಲ್ಲಿ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಓದಲು ಬರುತ್ತದೆ ನೋಡಿ. ಎರಡರಿಂದ ನಾಲ್ಕು ಇಂಚು ಅಂದರೆ ಪಿಎಲ್. ಆರು ಇಂಚು ದೂರಕ್ಕೂ ಚೆನ್ನಾಗಿ ಕಂಡರೆ ಡಿಎಂಪಿಎಲ್. ಎರಡೂ ಬದಿ ನೋಡಬೇಕು. ಒಂದು ಬದಿ ಮಾತ್ರ ಕನ್ನಡಿ ಇದ್ದರೆ ಗ್ರೇಡಿಂಗ್ ಕಂಪನಿಗಳು ಪಿಎಲ್ ಅಂತ ಬರೆದುಕೊಡುವುದಿಲ್ಲ.

ಬೆಳ್ಳಿಹುಚ್ಚ
ಕನ್ನಡಿ ಅಳೆಯುತ್ತಾ ಕೂರಬೇಕಾ? ಒತ್ತು, ಅಂದರೆ ಚಿತ್ರ ಮೂಡಿರುವುದು, ಎಷ್ಟು ಚೂಪಾಗಿದೆ ನೋಡಿದರೆ ಸಾಕು. ಕಿವಿಯ ಮೇಲಿನ ಕೂದಲು, ಹದ್ದಿನ ಎದೆಯ ಗರಿ. ಎಳೆ ಎಳೆಯಾಗಿ ಕಂಡರೆ ಪ್ರೂಫ್, ಮಸುಕಾಗಿದ್ದರೆ ಮಾಮೂಲಿ. ನಾನು ಹೀಗೇ ನೋಡುವುದು.

ನ್ಯೂಜೆರ್ಸಿ_ನಾಗವೇಣಿ
ನ್ಯೂ ಆರ್ಲಿಯನ್ಸ್ ನಾಣ್ಯಗಳ ಮಟ್ಟಿಗೆ ನಿಮ್ಮ ಮಾತು ನಡೆಯಬಹುದು. ಅಲ್ಲಿನವು ಕಿವಿಯ ಮೇಲೆ, ಎದೆಯ ಮೇಲೆ ಮಸುಕಾಗಿರುವುದೇ ಜಾಸ್ತಿ. ಆದರೆ 1879ರಿಂದ 1882ರವರೆಗಿನ ಸ್ಯಾನ್ ಫ್ರಾನ್ಸಿಸ್ಕೋ ನಾಣ್ಯಗಳ ಒತ್ತು ಎಷ್ಟು ಚೆನ್ನಾಗಿದೆ ಅಂದರೆ ನಿಮ್ಮ ಲೆಕ್ಕದಲ್ಲಿ ಅವೆಲ್ಲ ಪ್ರೂಫ್ ಆಗಿಬಿಡುತ್ತವೆ! ಅಡಿಗರ ನಾಣ್ಯ ಅದೇ ಗುಂಪಿನದು.

ನಾನು ಮೊದಲು ನೋಡುವುದು ಅಂಚನ್ನು. ಪ್ರೂಫ್‌ನಲ್ಲಿ ಏರಿದ ಅಂಚು ಚೌಕವಾಗಿ ಕಡಿದ ಹಾಗೆ ಇರುತ್ತದೆ. ಒಳಗಿನ ಸಣ್ಣ ಹಲ್ಲುಗಳು ಒಂದೊಂದೂ ಬಿಡಿ ಬಿಡಿಯಾಗಿ ಕಾಣುತ್ತವೆ, ಅವುಗಳ ನಡುವಿನ ಸಂದಿನಲ್ಲೂ ಕನ್ನಡಿ ಇರುತ್ತದೆ. ಮಾಮೂಲಿ ನಾಣ್ಯದ ಅಂಚು ಸ್ವಲ್ಪ ದುಂಡಗೆ ಬಾಗುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಇದ್ದರೆ ಸಾಕು.

ಬೆಳ್ಳಿಹುಚ್ಚ
ಸರಿ, ಅಂಚು ಒಪ್ಪಿಕೊಂಡೆ. ಆದರೂ ಒತ್ತು ನೋಡುವುದನ್ನು ಬಿಡಬೇಡಿ ಅಂತಲೇ ಹೇಳುತ್ತೇನೆ.

ಡೆಟ್ರಾಯಿಟ್_ದೇಸಾಯಿ
ಕೆನ್ನೆ ನೋಡಿ, ಕೆನ್ನೆ! ಮೋರ್ಗನ್ ಡಾಲರ್‌ಗಳು ಟಂಕಸಾಲೆ ಬಿಟ್ಟದ್ದು ಸಾವಿರ ಸಾವಿರದ ಚೀಲದಲ್ಲಿ. ಒಂದೊಂದು 26.73 ಗ್ರಾಂ, ಅಂದರೆ ಚೀಲ 27 ಕಿಲೋ ಹತ್ತಿರ. ಆ ಚೀಲಗಳನ್ನು ಎತ್ತಿ ಎಸೆದು ಸಾಗಿಸುವಾಗ ನಾಣ್ಯಕ್ಕೆ ನಾಣ್ಯ ಬಡಿದು ಲಿಬರ್ಟಿಯ ಕೆನ್ನೆಯ ತುಂಬಾ ಸಣ್ಣ ಕಚ್ಚು ಬಿದ್ದಿರುತ್ತವೆ. ಪ್ರೂಫ್ ಚೀಲಕ್ಕೆ ಹೋದದ್ದೇ ಅಲ್ಲ, ಸಂಗ್ರಾಹಕರು ಬಿಡಿಯಾಗಿ ಕೊಂಡದ್ದು. ಅದರಲ್ಲಿ ಕಾಣುವುದು ಬಟ್ಟೆಯಲ್ಲಿ ಒರೆಸಿದ ಕೂದಲೆಳೆಯ ಗೀರು. ಕನ್ನಡಿಯೂ ಇದೆ, ಕೆನ್ನೆ ತುಂಬಾ ಕಚ್ಚೂ ಇದೆ ಅಂದರೆ ಪಿಎಲ್ ಅಂತಲೇ ಹಿಡಿಯಿರಿ.

ಸುಮ್ನೆ_ಓದುಗ
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಹತ್ತಿರ ಒಂದಷ್ಟು ಸಿಲ್ವರ್ ಈಗಲ್ (ಅಮೆರಿಕದ ಈಗಿನ ಬೆಳ್ಳಿ ಡಾಲರ್) ಇವೆ. ಅದರಲ್ಲಿ ‘ಡಬ್ಲ್ಯು’ ಇದ್ದರೆ ಪ್ರೂಫ್, ಇಲ್ಲದಿದ್ದರೆ ಮಾಮೂಲಿ ಅಂತ ಒಬ್ಬರು ಹೇಳಿದರು. ಇಷ್ಟು ಸುಲಭನಾ?

ಬೆಳ್ಳಿಹುಚ್ಚ
ಹೌದು. ‘ಡಬ್ಲ್ಯು’ ವೆಸ್ಟ್ ಪಾಯಿಂಟ್ ಟಂಕಸಾಲೆಯದು, ವೆಸ್ಟ್ ಪಾಯಿಂಟ್ ಅಂದರೆ ಪ್ರೂಫ್. ಕಣ್ಣು ಮುಚ್ಚಿ ತಗೊಳ್ಳಿ.

ಹಳೇದುಡ್ಡು
ಕಣ್ಣು ತೆರೆದು ತಗೊಳ್ಳಿ ದಯವಿಟ್ಟು. 2006ರಿಂದ ‘ಬರ್ನಿಶ್ಡ್’ ಅನ್ನುವ ಅನ್‌ಸರ್ಕ್ಯುಲೇಟೆಡ್ (ಚಲಾವಣೆಗೆ ಬಿಡದ) ಈಗಲ್ ಬರುತ್ತಿದೆ. ಅದಕ್ಕೂ ‘ಡಬ್ಲ್ಯು’ ಇದೆ. ಆದರೆ ಕನ್ನಡಿ ಇಲ್ಲ, ನಯವಾದ ಮಂದ ಹೊಳಪು.

ಬಿಡಿಸಿ ಹೇಳಿದರೆ ಹೀಗೆ. ಬಂಡವಾಳಕ್ಕೆ ಅಂತ ಮಾರುವ ಬುಲಿಯನ್ ಈಗಲ್‌ಗೆ ಯಾವ ಅಕ್ಷರವೂ ಇಲ್ಲ. ಪ್ರೂಫ್ ಶುರುವಾದದ್ದು 1986ರಲ್ಲಿ, 1992ರವರೆಗೆ ‘ಎಸ್’. 1993ರಿಂದ 2000ದವರೆಗೆ ‘ಪಿ’, ಅಂದರೆ ಫಿಲಡೆಲ್ಫಿಯಾ. 2001ರಿಂದ ಮುಖ್ಯವಾಗಿ ‘ಡಬ್ಲ್ಯು’, ಇತ್ತೀಚೆಗೆ ಕೆಲವು ವರ್ಷ ‘ಎಸ್’ ಕೂಡ ಬಂದಿದೆ. 1995ರಲ್ಲಿ ಮಾತ್ರ ‘ಪಿ’ ಜೊತೆಗೆ ‘ಡಬ್ಲ್ಯು’ ಪ್ರೂಫ್ ಕೂಡ ಇದೆ. ಹತ್ತನೇ ವರ್ಷದ ಚಿನ್ನದ ಸೆಟ್ ಕೊಂಡವರಿಗೆ ಸಿಕ್ಕಿದ್ದು, ಒಟ್ಟು 30,125. ಅದು ಸಿಕ್ಕರೆ ನನಗೆ ಹೇಳಿ, ಬೇರೆಯವರಿಗೆ ಹೇಳಬೇಡಿ.

ಕೊಂಕು_ಮಾಸ್ತರ್
ರಿವರ್ಸ್ ಪ್ರೂಫ್ ಬಿಟ್ಟಿರಲ್ಲ. 2006ರ ಇಪ್ಪತ್ತನೇ ವರ್ಷದ ಸೆಟ್‌ನಲ್ಲಿ ‘ಪಿ’ ಗುರುತಿನದು ಬಂತು. ಅದರಲ್ಲಿ ಎಲ್ಲಾ ತಿರುಗಾಮುರುಗಾ. ಖಾಲಿ ಜಾಗ ಮಂಜು, ಚಿತ್ರ ಕನ್ನಡಿ. 1921, 1922ರ ಪೀಸ್ ಡಾಲರ್ ಪ್ರೂಫ್‌ಗಳಲ್ಲಿ ಮರಳು ಹಾಯಿಸಿದಂಥ ಮಂದ ಮೈ ಇರುವವೂ ಇವೆ, ಕನ್ನಡಿಯ ಸುಳಿವೇ ಇಲ್ಲ. ಕನ್ನಡಿ ಇಲ್ಲ ಅಂದಮಾತ್ರಕ್ಕೆ ಪ್ರೂಫ್ ಅಲ್ಲ ಅಂತಲೂ ಹೇಳಲಾಗದು.

ಸುಮ್ನೆ_ಓದುಗ
ಕೇಳಿದ್ದೇ ತಪ್ಪಾಯಿತು 😅 ನನ್ನ ಯಾವ ಈಗಲ್ ಮೇಲೂ ಅಕ್ಷರ ಇಲ್ಲ. ಎರಡರ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಕಲೆ ಬೇರೆ ಬಂದಿದೆ.

ಡೆಟ್ರಾಯಿಟ್_ದೇಸಾಯಿ
ಮಿಲ್ಕ್ ಸ್ಪಾಟ್. ಬುಲಿಯನ್ ಈಗಲ್‌ಗಳ ಹಣೆಬರಹ. ಏನೂ ಮಾಡಲು ಹೋಗಬೇಡಿ, ಬೆಳ್ಳಿಯ ತೂಕಕ್ಕಂತೂ ಮೋಸ ಇಲ್ಲ.

ಮಂಡ್ಯದ_ಮಿಂಟು
ಹುಣಸೆಹಣ್ಣು ಹಾಕಿ ಉಜ್ಜಿದರೆ ಹೋಗುತ್ತದೆ. ಅಥವಾ ವಿಭೂತಿ. ನಮ್ಮ ಮನೆಯ ವರಮಹಾಲಕ್ಷ್ಮಿ ಕಲಶ ವರ್ಷಾ ವರ್ಷ ಹೊಸದರ ಹಾಗೆ ಆಗುತ್ತದೆ.

ನ್ಯೂಜೆರ್ಸಿ_ನಾಗವೇಣಿ
ಅಯ್ಯೋ ಬೇಡ! ಕಲಶಕ್ಕೆ ಹುಣಸೆ ಸರಿ, ನಾಣ್ಯಕ್ಕೆ ಯಾವತ್ತೂ ಮುಟ್ಟಿಸಬೇಡಿ. ಉಜ್ಜಿದ ತಕ್ಷಣ ಮೇಲ್ಮೈ ಹಾಳು, ಸಂಗ್ರಹದ ಬೆಲೆಯೂ ಹೋಯಿತು. ಗ್ರೇಡಿಂಗ್‌ಗೆ ಕಳಿಸಿದರೆ ಅಂಕವಿಲ್ಲದೆ ‘ಕ್ಲೀನ್ಡ್’ ಅಂತ ಬರೆದು ವಾಪಸ್ ಬರುತ್ತದೆ.

ಅಡಿಗರಿಗೂ ಇದು ಬೇಕಾದ ಮಾತು. ಸುಳ್ಳು ಪ್ರೂಫ್‌ಗಳಲ್ಲಿ ಎಷ್ಟೋ ಬರೀ ಪಾಲಿಶ್ ಮಾಡಿದ ಹಳೇ ಡಾಲರ್‌ಗಳು. ದೀಪದ ಕೆಳಗೆ ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ಪಾಲಿಶ್ ಮಾಡಿದ್ದರೆ ಹೊಳಪು ಎಲ್ಲಾ ಕಡೆ ಒಂದೇ ಸಮ, ಕೂದಲಿನ ಮೇಲೂ ಅದೇ, ಮಂಜು ಕಾಣೆ. ಲೂಪ್‌ನಲ್ಲಿ ಗೆರೆಗಳನ್ನು ನೋಡಿ. ಅಚ್ಚಿಗೆ ಪಾಲಿಶ್ ಮಾಡಿದಾಗ ಅಚ್ಚಿನಲ್ಲಿ ಗೀರು ಬೀಳುತ್ತದೆ. ಅದು ನಾಣ್ಯದಲ್ಲಿ ಉಬ್ಬಿದ ಗೆರೆಯಾಗಿ ಬರುತ್ತದೆ, ಅಕ್ಷರದ ಬುಡಕ್ಕೆ ಬಂದು ನಿಲ್ಲುತ್ತದೆ. ನಾಣ್ಯವನ್ನೇ ಉಜ್ಜಿದ್ದರೆ ಗೆರೆ ತಗ್ಗಾಗಿರುತ್ತದೆ, ಅಕ್ಷರದ ಮೇಲೂ ಹತ್ತಿ ಹೋಗಿರುತ್ತದೆ. ಉಬ್ಬಾ ತಗ್ಗಾ ಅಂತ ಗುರುತಿಸಲು ಬಂದರೆ ಅರ್ಧ ಗೆದ್ದಂತೆ.

ಮಂಡ್ಯದ_ಮಿಂಟು
ನಮ್ಮತ್ತೆಗೆ ಈ ಪುಟ ತೋರಿಸುವುದಿಲ್ಲ. ಅವರ ಬೀರುವಿನಲ್ಲಿ 1969ರ ಗಾಂಧಿ ಹತ್ತು ರೂಪಾಯಿ ಇದೆ. ಪ್ರತಿ ದೀಪಾವಳಿಗೂ ಅದಕ್ಕೆ ಸ್ನಾನ ಆಗಲೇಬೇಕು.

ಹಳೇದುಡ್ಡು
ಅದು 15 ಗ್ರಾಂ, ನೂರಕ್ಕೆ 80 ಬೆಳ್ಳಿ. ಅದರಲ್ಲೂ ಪ್ರೂಫ್ ಇದೆ, ಮುಂಬೈ ಟಂಕಸಾಲೆಯ ‘ಬಿ’ ಅಕ್ಷರ ಇರುತ್ತದೆ. ಇಷ್ಟು ವರ್ಷ ಸ್ನಾನ ಆದ ಮೇಲೆ ‘ಬಿ’ ಇದ್ದರೂ ಏನು ಪ್ರಯೋಜನ ಬಿಡಿ.

ಡೆಟ್ರಾಯಿಟ್_ದೇಸಾಯಿ
ಮತ್ತೆ ಡಾಲರ್‌ಗೆ ಬರೋಣ. ಹೊಸಬರು ಪ್ರೂಫ್, ಮಾಮೂಲಿ ಕಲಿಯಬೇಕಾದರೆ ಮೋರ್ಗನ್‌ನಿಂದ ಶುರು ಮಾಡಬಾರದು, ಐಸನ್‌ಹೋವರ್ (ಚಿಕ್ಕದಾಗಿ ‘ಐಕ್’) ಡಾಲರ್‌ನಿಂದ ಶುರು ಮಾಡಬೇಕು. ಅಗ್ಗ, ಎಲ್ಲಾ ಕಡೆ ಸಿಗುತ್ತದೆ. 1971ರಿಂದ 1974ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ನೂರಕ್ಕೆ 40 ಬೆಳ್ಳಿಯ ನಾಣ್ಯವನ್ನು ಎರಡು ಥರ ಮಾರಿತು. ನೀಲಿ ಲಕೋಟೆಯಲ್ಲಿ ಅನ್‌ಸರ್ಕ್ಯುಲೇಟೆಡ್, 3 ಡಾಲರ್. ಕಂದು ಪೆಟ್ಟಿಗೆಯಲ್ಲಿ ಪ್ರೂಫ್, 10 ಡಾಲರ್. ಸಂಗ್ರಾಹಕರು ಇವತ್ತಿಗೂ ‘ಬ್ಲೂ ಐಕ್’, ‘ಬ್ರೌನ್ ಐಕ್’ ಅಂತಲೇ ಕರೆಯುತ್ತಾರೆ. ಎರಡಕ್ಕೂ ‘ಎಸ್’ ಇದೆ, ಲೋಹ ಒಂದೇ, ತೂಕ ಒಂದೇ. ಬೇರೆ ಇರುವುದು ಮಾಡಿದ ರೀತಿ ಮಾತ್ರ. ಎರಡನ್ನೂ ಪಕ್ಕ ಪಕ್ಕ ಇಟ್ಟು ಅಂಚು, ಕನ್ನಡಿ, ಮಂಜು ನೋಡಿ. ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಪೆಟ್ಟಿಗೆ ಕಳೆದುಹೋದ ಬಿಡಿ ನಾಣ್ಯ ಸಿಕ್ಕರೆ ತಕ್ಕಡಿಗೆ ಹಾಕಿ. 22.68 ಗ್ರಾಂ ಬಂದರೆ ತಾಮ್ರ ನಿಕಲ್ಲಿನದು. ‘ಎಸ್’ ಗುರುತಿನ ತಾಮ್ರ ನಿಕಲ್ ಐಕ್ ಬಂದದ್ದು ಪ್ರೂಫ್ ಸೆಟ್‌ಗಳಲ್ಲಿ ಮಾತ್ರ, ಹಾಗಾಗಿ ಅದು ಪ್ರೂಫೇ. 24.59 ಬಂದರೆ ಬೆಳ್ಳಿಯದು. ಆಗ ಎರಡರಲ್ಲಿ ಯಾವುದಾದರೂ ಆಗಿರಬಹುದು, ಕಣ್ಣಿಗೆ ಕೆಲಸ ಕೊಡಿ.

ಸುಮ್ನೆ_ಓದುಗ
ತೂಕದಲ್ಲಿ ಪ್ರೂಫ್ ಗೊತ್ತಾಗುವುದು! ಇದು ಇಷ್ಟವಾಯಿತು.

ಕೊಂಕು_ಮಾಸ್ತರ್
ಐಕ್‌ನಲ್ಲಿ ಮಾತ್ರ. ಮೋರ್ಗನ್‌ಗೆ ಈ ತೂಕದ ಆಟ ನಡೆಯುವುದಿಲ್ಲ. ಪ್ರೂಫೂ 26.73, ಮಾಮೂಲಿಯೂ 26.73. ಅಲ್ಲಿ ತಕ್ಕಡಿ ಬೇಕಾಗುವುದು ನಕಲಿ ಹಿಡಿಯಲು.

ಬೆಳ್ಳಿಹುಚ್ಚ
1895ರ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ, ಆಶ್ಚರ್ಯ. ಫಿಲಡೆಲ್ಫಿಯಾದ 1895 ಅಂದರೆ ಪ್ರೂಫ್ ಒಂದೇ, 880. ಟಂಕಸಾಲೆಯ ಲೆಕ್ಕದಲ್ಲಿ 12,000 ಮಾಮೂಲಿ ನಾಣ್ಯವೂ ಇದೆ. ಆದರೆ ಇವತ್ತಿನವರೆಗೆ ಒಂದೂ ಗಟ್ಟಿಯಾಗಿ ಸಿಕ್ಕಿಲ್ಲ. ಕರಗಿಸಿದರು ಅನ್ನುವವರಿದ್ದಾರೆ, ಮಾಡಲೇ ಇಲ್ಲ, ಹಿಂದಿನ ವರ್ಷದ ಅಚ್ಚಿನ ನಾಣ್ಯವನ್ನು ಈ ಲೆಕ್ಕಕ್ಕೆ ಬರೆದರು ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನಿಸುತ್ತದೆ. ಕರಗಿಸಿದ್ದರೂ ಒಂದೆರಡಾದರೂ ಉಳಿಯಬೇಕಿತ್ತಲ್ಲ?

ಹಳೇದುಡ್ಡು
ಈ ವಿಷಯದಲ್ಲಿ ನಾನೂ ನಿಮ್ಮ ಜೊತೆಗೇ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಅಕ್ಷರ ಇಲ್ಲದ 1895 ಯಾರಾದರೂ ತೋರಿಸಿದರೆ ಮೊದಲು ಹಾರದ ಗಂಟಿನ ಕೆಳಗೆ ಲೂಪ್ ಹಿಡಿಯಿರಿ. ನ್ಯೂ ಆರ್ಲಿಯನ್ಸ್‌ನ ‘ಒ’, ಸ್ಯಾನ್ ಫ್ರಾನ್ಸಿಸ್ಕೋದ ‘ಎಸ್’ ಕೆರೆದು ತೆಗೆದು 1895 ಪ್ರೂಫ್ ಅಂತ ದಾಟಿಸುವ ಕಸುಬು ಹಳೆಯದು. ಅಲ್ಲಿ ಮೇಲ್ಮೈ ಸ್ವಲ್ಪ ಬೇರೆ ಥರ ಕಂಡರೂ ಕೈಮುಗಿದು ಹೊರಟುಬಿಡಿ.

ಕೊಂಕು_ಮಾಸ್ತರ್
1921ರ ‘ಜರ್ಬ್ ಪ್ರೂಫ್’ ಬಗ್ಗೆಯೂ ಹೇಳಿಬಿಡುತ್ತೇನೆ. ಫಾರನ್ ಜರ್ಬ್ ಅನ್ನುವ ನಾಣ್ಯ ಪರಿಣತರಿಗಾಗಿ ಮಾಡಿಕೊಟ್ಟದ್ದು ಅಂತ ಹೆಸರು. ಅದೇ ವರ್ಷ ಹೆನ್ರಿ ಚಾಪ್‌ಮನ್ ಅನ್ನುವ ವ್ಯಾಪಾರಿಗೆ ಮಾಡಿಕೊಟ್ಟ ಪ್ರೂಫ್‌ಗಳ ಕನ್ನಡಿ, ಮಂಜು ಎರಡೂ ಎದ್ದು ಕಾಣುತ್ತವೆ, ಅವುಗಳ ಬಗ್ಗೆ ಜಗಳ ಇಲ್ಲ. ಜರ್ಬ್‌ನವು ಮಾತ್ರ ಪಾಲಿಶ್ ಮಾಡಿದ ಅಚ್ಚಿನಿಂದ ಬಂದ ಮಾಮೂಲಿ ಪಿಎಲ್‌ಗೆ ತೀರಾ ಹತ್ತಿರ. ಅವನ್ನು ಪ್ರೂಫ್ ಅನ್ನಬೇಕಾ ಅಂತ ದೊಡ್ಡ ದೊಡ್ಡವರೇ ಕಿತ್ತಾಡುತ್ತಾರೆ.

ನ್ಯೂಜೆರ್ಸಿ_ನಾಗವೇಣಿ
ನಾನಂತೂ ಜರ್ಬ್ ಪ್ರೂಫ್‌ಗೆ ಪ್ರೂಫ್ ದುಡ್ಡು ಕೊಡುವುದಿಲ್ಲ. ಪ್ರೂಫ್ ಹೌದಾ ಅಲ್ವಾ ಅಂತ ಲೂಪ್ ಹಿಡಿದವರೇ ವಾದ ಮಾಡುವ ನಾಣ್ಯವನ್ನು ನಾಳೆ ಮಾರುವಾಗ ನಾನು ಯಾರಿಗೆ ಒಪ್ಪಿಸಲಿ?

ಕುಡ್ಲದ_ಕುವರ
ಎಲ್ಲರೂ ಅಮೆರಿಕದ ಡಾಲರ್ ಹಿಡಿದು ಕೂತಿದ್ದೀರಿ. ನಮ್ಮ ಅಜ್ಜನ ಅಣ್ಣ ಸಿಂಗಾಪುರದಲ್ಲಿ ದುಡಿದು ಬಂದವರು. ಅವರ ಟ್ರಂಕಿನಲ್ಲಿ ಒಂದು ಬೆಳ್ಳಿ ಡಾಲರ್ ಸಿಕ್ಕಿದೆ. ತ್ರಿಶೂಲ, ಗುರಾಣಿ ಹಿಡಿದ ಹೆಂಗಸು, ಹಿಂದೆ ಚೀನೀ ಅಕ್ಷರ. 1902. ಇದರಲ್ಲೂ ಪ್ರೂಫ್ ಇರುತ್ತದಾ?

ಹಳೇದುಡ್ಡು
ವಾಹ್! ಅದು ಬ್ರಿಟಿಷ್ ಟ್ರೇಡ್ ಡಾಲರ್. ಒತ್ತಿದ್ದು ಸಿಂಗಾಪುರದಲ್ಲೂ ಅಲ್ಲ, ಚೀನಾದಲ್ಲೂ ಅಲ್ಲ. ಹೆಚ್ಚಿನವು ಮುಂಬೈ ಟಂಕಸಾಲೆಯವು, ಒಂದಷ್ಟು ಕಲ್ಕತ್ತದವು. 1895ರಲ್ಲಿ ಶುರುವಾಯಿತು. ತೂಕ 26.95 ಗ್ರಾಂ, ನೂರಕ್ಕೆ 90 ಬೆಳ್ಳಿ. ಹಿಂಬದಿಯಲ್ಲಿ ಚೀನೀ ಜೊತೆಗೆ ಅರಬ್ಬಿ ಲಿಪಿಯ ಮಲಯ್ ಕೂಡ ಇದೆ. ತ್ರಿಶೂಲದ ನಡುವಿನ ಮೊನೆಯಲ್ಲಿ ಸಣ್ಣ ‘ಬಿ’ ಹುಡುಕಿ.

ಪ್ರೂಫ್ ಇವೆ. ಮುಂಬೈ ಟಂಕಸಾಲೆ ಆಮೇಲೆ ಸಂಗ್ರಾಹಕರಿಗೆ ಅಂತ ಮತ್ತೆ ಒತ್ತಿದ ಪ್ರೂಫ್‌ಗಳೂ ಇವೆ. ಆದರೆ ದುಡಿದವರ ಟ್ರಂಕಿನಲ್ಲಿ ಬಂದದ್ದು ಚಲಾವಣೆಯದೇ ಆಗಿರುತ್ತದೆ. ಮೈಮೇಲೆ ಸಣ್ಣ ಸಣ್ಣ ಮುದ್ರೆ ಕುಟ್ಟಿದ ಗುರುತಿದ್ದರೆ ಹಾಳಾಗಿದೆ ಅಂದುಕೊಳ್ಳಬೇಡಿ. ಚೀನೀ ವ್ಯಾಪಾರಿಗಳು ಬೆಳ್ಳಿ ಪರೀಕ್ಷಿಸಿ ಹಾಕುತ್ತಿದ್ದ ಚಾಪ್ ಮಾರ್ಕ್ ಅದು. ಅದನ್ನೇ ಹುಡುಕಿ ಕೊಳ್ಳುವವರಿದ್ದಾರೆ.

ಮಂಡ್ಯದ_ಮಿಂಟು
ತೊಳೆಯಬೇಡಿ ಮಾತ್ರ 😀

ಆಸ್ಟಿನ್_ಅಡಿಗ
ಅಂಗಡಿಗೆ ಹೋಗಿ ಬಂದೆ. ಹೋಲ್ಡರ್‌ನಿಂದ ತೆಗೆದು ನೋಡಲು ಬಿಟ್ಟರು, ಪುಣ್ಯ. ಮುಂಬದಿಯಲ್ಲಿ ಅಕ್ಷರ ನಾಲ್ಕು ಇಂಚಿನವರೆಗೂ ಓದಲು ಬಂತು. ಹಿಂಬದಿಯಲ್ಲಿ ಎರಡು ದಾಟಿದ ಮೇಲೆ ಮಸುಕು. ಕೆನ್ನೆಯ ಮೇಲೆ ಕಚ್ಚು ಬೇಕಾದಷ್ಟಿವೆ. ಅಂಚಿನ ಹಲ್ಲುಗಳ ಸಂದಿನಲ್ಲಿ ಕನ್ನಡಿ ಕಾಣಲಿಲ್ಲ. ಉಬ್ಬಿದ ಗೆರೆಗಳು ಕಂಡವು, ಅಕ್ಷರದ ಬುಡಕ್ಕೆ ನಿಂತಿವೆ. ಅಂದರೆ ಯಾರೂ ಉಜ್ಜಿಲ್ಲ ಅಲ್ವಾ? ‘ಎಸ್’ ವಿಷಯ ಹೇಳಿದ್ದಕ್ಕೆ ಅವರು, “ಹೀಗೇ ಚೀಟಿ ಹಚ್ಚಿ ಬಂದಿತ್ತು, ನಾನು ಬರೆದದ್ದಲ್ಲ” ಅಂದರು. ಈಗ 250ಕ್ಕೆ ಇಳಿದಿದ್ದಾರೆ.

ಡೆಟ್ರಾಯಿಟ್_ದೇಸಾಯಿ
ಒಂದು ‘ಎಸ್’ಗೆ 650 ಡಾಲರ್!

ನ್ಯೂಜೆರ್ಸಿ_ನಾಗವೇಣಿ
ಉಜ್ಜಿಲ್ಲ, ಒಳ್ಳೆಯ ಸುದ್ದಿ. ಹಿಂಬದಿ ಎರಡೇ ಇಂಚು ಅಂದರೆ ಪಿಎಲ್ ಆಗುವುದೂ ಗಡಿಯಲ್ಲೇ. ಕೆನ್ನೆಯಲ್ಲಿ ಅಷ್ಟು ಕಚ್ಚಿದ್ದರೆ ಗ್ರೇಡೂ ಜಾಸ್ತಿ ಬರುವುದಿಲ್ಲ. ಪಿಸಿಜಿಎಸ್ ಅಥವಾ ಎನ್‌ಜಿಸಿ ಅನ್ನುವ ಗ್ರೇಡಿಂಗ್ ಕಂಪನಿಗಳ ಸ್ಲ್ಯಾಬ್‌ನಲ್ಲಿ ಇರುವ 1881 ‘ಎಸ್’ ಪಿಎಲ್‌ಗಳು ಹರಾಜಿನಲ್ಲಿ ಎಷ್ಟಕ್ಕೆ ಹೋಗಿವೆ ಅಂತ ನೋಡಿ, ಆಮೇಲೆ ಮಾತಾಡಿ. ಬಿಡಿ ನಾಣ್ಯಕ್ಕೆ ಸ್ಲ್ಯಾಬ್‌ನ ಬೆಲೆ ಕೊಡಬೇಡಿ. ಸ್ಲ್ಯಾಬ್ ತಗೊಂಡರೂ ಅದರ ಮೇಲಿನ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ ಫೋಟೋ ಹೋಲಿಸಿ, ಸ್ಲ್ಯಾಬ್‌ಗಳೂ ನಕಲಿ ಬರುತ್ತಿವೆ.

ಬೆಳ್ಳಿಹುಚ್ಚ
ಕೂದಲಿನ ಒತ್ತು ಹೇಗಿತ್ತು ಅಂತ ಹೇಳಲೇ ಇಲ್ಲ.

ಆಸ್ಟಿನ್_ಅಡಿಗ
ಎಳೆ ಎಳೆಯಾಗಿತ್ತು! ನಿಮ್ಮ ಲೆಕ್ಕದಲ್ಲಿ ಪ್ರೂಫ್ 😄 250ಕ್ಕೆ ಬೇಡ ಅಂದು ಬಂದೆ. ಅವರ ಹತ್ತಿರವೇ ನೀಲಿ ಲಕೋಟೆಯ ಐಕ್ ಇತ್ತು, ತಗೊಂಡೆ. ಕಂದು ಪೆಟ್ಟಿಗೆಯದು ಯಾರ ಹತ್ತಿರವಾದರೂ ಹೆಚ್ಚಿಗೆ ಇದೆಯಾ?

ಡೆಟ್ರಾಯಿಟ್_ದೇಸಾಯಿ
ನನ್ನ ಹತ್ತಿರ 1972 ಎರಡಿವೆ. ಖಾಸಗಿ ಸಂದೇಶ ಹಾಕಿ.

ಕುಡ್ಲದ_ಕುವರ
ತ್ರಿಶೂಲದಲ್ಲಿ ‘ಬಿ’ ಸಿಕ್ಕಿತು! ಹಿಂದೆ ಮೂರು ಕಡೆ ಕುಟ್ಟಿದ ಗುರುತೂ ಇದೆ. ಫೋಟೋ ಇಲ್ಲೇ ಹಾಕಲಾ, ಬೇರೆ ಚರ್ಚೆ ಶುರು ಮಾಡಲಾ?

ಹಳೇದುಡ್ಡು
ಬೇರೆ ಶುರು ಮಾಡಿ. ಎರಡೂ ಬದಿ, ಅಂಚು ಕೂಡ. ತೂಕ ಹಾಕಿ ಬರೆಯಿರಿ, ಈ ಡಾಲರ್‌ನ ನಕಲಿಗಳು ಜಾಸ್ತಿ.